ಮಿಸ್ ಒಪಲ್ ಊರಿನಲ್ಲಿ ನೀಲಕ್ಕ

ಫ್ರಿಸ್ಕೋ

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಅಲ್ಲಿಯ ರಸ್ತೆಗಳನ್ನು ಹೊಗಳುತ್ತಾರೆ. ರಸ್ತೆಗಳು ಚೆನ್ನಾಗಿಯೇ ಇವೆ. ಆದರೆ ಅವುಗಳ ಮೇಲೆ ನಡೆಯುವವರು ಯಾರೂ ಇಲ್ಲ ಎಂದು ನನಗೆ ಒಬ್ಬರೂ ಹೇಳಿರಲಿಲ್ಲ. ಟೆಕ್ಸಾಸಿನ ಫ್ರಿಸ್ಕೋಗೆ ಬಂದ ಮರುದಿನ ಬೆಳಿಗ್ಗೆ, ಗದಗಿನಲ್ಲಿ ಹಾಲಿಗೆ ಹೋಗುವ ಅಭ್ಯಾಸದಂತೆ, ಸೆರಗು ಹೊದ್ದು ಹೊರಗೆ ಹೊರಟೆ. ಒಂದೇ ಬಣ್ಣದ ಮನೆಗಳು, ಒಂದೇ ಅಳತೆಗೆ ಕತ್ತರಿಸಿದ ಹುಲ್ಲು, ಮನುಷ್ಯರ ಸುಳಿವಿಲ್ಲ. ಎರಡು ತಿರುವು ದಾಟುವಷ್ಟರಲ್ಲಿ ಒಂದು ಕಾರು ಪಕ್ಕದಲ್ಲಿ ಬಂದು ನಿಂತಿತು. ಬಿಳಿ ಕೂದಲಿನ ಹೆಂಗಸೊಬ್ಬರು ಗಾಜು ಇಳಿಸಿ ಏನೋ ಕೇಳಿದರು. ನಾನು ಕೈ ಮುಗಿದೆ. ಅವರೂ ಮುಗಿದರು. ಆಮೇಲೆ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು, ಒಂದೊಂದೇ ಮನೆಯನ್ನು ಬೆರಳಿಟ್ಟು ತೋರಿಸುತ್ತ, ವೀಣಾಳ ಬಾಗಿಲಿಗೆ ತಂದು ಬಿಟ್ಟರು. ನಾನು ದಾರಿ ತಪ್ಪಿರಲಿಲ್ಲ. ಅಡ್ಡಾಡಲು ಹೋದವರನ್ನು ಹಿಡಿದು ಮನೆಗೆ ಒಪ್ಪಿಸುವ ಊರು ಅದು.

"ಚಿಗವ್ವ, ಇಲ್ಲೆ ಸುಮ್ಸುಮ್ನ ಯಾರೂ ಅಡ್ಡಾಡಂಗಿಲ್ಲ," ಎಂದಳು ವೀಣಾ. "ಅಡ್ಡಾಡಾಕ ಪಾರ್ಕಿಗೆ ಡ್ರೈವ್ ಮಾಡ್ಕೊಂಡ್ ಹೋಗಬೇಕು."

"ನಡ್ಯಾಕ ಕಾರಿನಾಗ ಹೋಗೂದೇನು?"

"ಹೂಂ ಮತ್ತ."

ಇದನ್ನು ಅಕ್ಕನಿಗೆ ಹೇಳಿದರೆ ಎಷ್ಟು ನಗುತ್ತಾಳೋ ಎಂದುಕೊಂಡೆ. ಆಮೇಲೆ ನೆನಪಾಯಿತು.

ವೀಣಾ ನನ್ನ ಅಕ್ಕನ ಮಗಳು. ಅಕ್ಕ, ನಮ್ಮ ನೀಲಕ್ಕ, ಹೋಗಿ ವರ್ಷಕ್ಕೆ ಬಂದಿತ್ತು. ಗದಗಿನಲ್ಲಿ ನಾವಿಬ್ಬರೂ ಜೊತೆಗಿದ್ದೆವು. ಅವಳು ಹೋದ ಮೇಲೂ ನಾನು ಅಭ್ಯಾಸಬಲದಿಂದ ಎರಡು ಲೋಟ ಚಹಾ ಮಾಡಿ, ಚೆಲ್ಲಲು ಮನಸ್ಸಾಗದೆ ಎರಡನ್ನೂ ಕುಡಿದು, ಪಿತ್ತ ಮಾಡಿಕೊಂಡಿದ್ದೆ. ಡಾಕ್ಟರು ಚಹಾ ಬಿಡು ಎಂದರು. ವೀಣಾ ಟೆಕ್ಸಾಸಿಗೆ ಬಾ ಎಂದಳು. ಎರಡರಲ್ಲಿ ಟೆಕ್ಸಾಸ್ ಸುಲಭವೆನ್ನಿಸಿತು.

ನೀಲಕ್ಕ ನಾಟಕ ಕಂಪನಿಯ ನಟಿ. ಊರೂರಿಗೆ ಹೋಗಿ, ತಗಡಿನ ಥಿಯೇಟರ್ ಹಾಕಿ, ತಿಂಗಳುಗಟ್ಟಲೆ ಆಡುವ ಕಂಪನಿ. ಮೂವತ್ತು ವರ್ಷ ಬಣ್ಣ ಹಚ್ಚಿದಳು. ಅವಳ ಕುಪ್ಪಸಗಳನ್ನೆಲ್ಲ ಹೊಲಿದವಳು ನಾನು; ನಾನು ಕಲಿತದ್ದು ಏಳನೆಯ ಇಯತ್ತೆ, ಆಮೇಲೆ ಹೊಲಿಗೆ ಯಂತ್ರ. ಕಂಪನಿ ಮುಚ್ಚಿದ ಮೇಲೆ ನೀಲಕ್ಕ ಒಂದು ಶಾಲೆಯಲ್ಲಿ ನಾಲ್ಕು ವರ್ಷ ಮಕ್ಕಳಿಗೆ ಹಾಡು ಕಲಿಸಿದಳು. ವೀಣಾಳ ಮದುವೆಯ ಮಾತಿನಲ್ಲಿ ಆ ನಾಲ್ಕು ವರ್ಷಗಳು ಮುಂದೆ ಬಂದು ಕೂತವು, ಮೂವತ್ತು ವರ್ಷಗಳು ಹಿತ್ತಲಿಗೆ ಹೋದವು. ಬೆಳಗಾವಿಯ ಬೀಗರಿಗೆ ಅವಳು ಸಂಗೀತ ಟೀಚರ್. ವೀಣಾಳ ಮಗಳು ಅನ್ವಿಗೂ ಅಷ್ಟೇ ಗೊತ್ತು.

ವಿಮಾನ ಇಳಿದ ದಿನವೇ ವೀಣಾ ನನ್ನ ಚೀಲ ಎತ್ತಿಕೊಳ್ಳುತ್ತ ಹೇಳಿದ್ದಳು: "ಚಿಗವ್ವ, ಅವ್ವನ ಕಂಪನಿ ಮಾತು ಅನ್ವಿ ಮುಂದ ಬ್ಯಾಡ." ಆಗಲಿ ಎಂದೆ. ಅವಳನ್ನು ದೂರುವುದು ಸರಿಯಲ್ಲ. ಕಂಪನಿ ಹೋದಲ್ಲೆಲ್ಲ ಆ ಹುಡುಗಿ ಶಾಲೆ ಬದಲಿಸುತ್ತಿದ್ದಳು. ಶಾಲೆಗಳು ಬೇರೆಯಾದರೂ ಮಕ್ಕಳ ಬಾಯಿ ಒಂದೇ ಇತ್ತು. ಅವರು ಅವಳನ್ನು ಕರೆಯುತ್ತಿದ್ದ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

ಅನ್ವಿಗೆ ಹದಿನೈದು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅವಳಿಗೆ ಮುಕ್ಕಾಲು, ನನಗೆ ಕಾಲು ಭಾಗ ತಿಳಿಯುತ್ತದೆ. ಜಗಳವಾಗದಿರಲು ಅಷ್ಟು ಸಾಕು. ಬೇಸಿಗೆ ರಜೆಗೆ ಅವಳಿಗೆ ಶಾಲೆಯವರು ಒಂದು ಕೆಲಸ ಕೊಟ್ಟಿದ್ದರು, ಟೆಕ್ಸಾಸಿನ ಒಬ್ಬ ಹೆಣ್ಣುಮಗಳ ಬಗ್ಗೆ ವಿಡಿಯೋ ಮಾಡಬೇಕೆಂದು. ಅವಳು ಆರಿಸಿಕೊಂಡದ್ದು ಊರವರೆಲ್ಲ ಮಿಸ್ ಒಪಲ್ ಎಂದು ಕರೆಯುವ ಕಪ್ಪು ಜನಾಂಗದ ಗಾಯಕಿಯನ್ನು. ಹ್ಯೂಸ್ಟನ್ನಿನಲ್ಲಿ ಕಂಡವರ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದವಳ ಮಗಳು; ಚರ್ಚಿನಲ್ಲಿ ಹಾಡು ಕಲಿತು, ಬಸ್ಸಿನಲ್ಲಿ ಊರೂರು ತಿರುಗಿ, ಹಾಡಿ, ನಗಿಸಿ, ಕೊನೆಗೆ ಆ ಸೀಮೆಯ ಟೀವಿಯಲ್ಲಿ ತನ್ನದೇ ಹೆಸರಿನ ಕಾರ್ಯಕ್ರಮ ನಡೆಸಿದ ಮೊದಲ ಕಪ್ಪು ಹೆಂಗಸು. ಈಗ ಎಂಬತ್ತು ದಾಟಿದ್ದಾರೆ. ಅವರ ಹಳೆಯ ಫೋಟೋವನ್ನು ಅನ್ವಿ ತನ್ನ ಕೋಣೆಯ ಗೋಡೆಗೆ ಅಂಟಿಸಿದ್ದಳು. ಮಿಂಚುವ ಗೌನು, ಒಂದು ಕೈ ಸೊಂಟದ ಮೇಲೆ, ಒಂದು ಹುಬ್ಬು ಮೇಲಕ್ಕೆ. ಅಂಥ ಹುಬ್ಬನ್ನು ನಾನು ಮೊದಲೂ ನೋಡಿದ್ದೆ. ಎಲ್ಲಿ ಎಂದು ಹೇಳುವಂತಿರಲಿಲ್ಲ.

ಒಂದು ಸಂಜೆ ಅನ್ವಿ ಅಡುಗೆಮನೆಗೆ ಬಂದು, ಶಾಲೆ ಶುರುವಾದ ಮೇಲೆ ನಾಟಕದ ಕ್ಲಾಸಿಗೆ ಸೇರುತ್ತೇನೆ ಎಂದಳು.

"ಅದೊಂದು ಬ್ಯಾಡ," ಎಂದಳು ವೀಣಾ. "ನಮ್ಮ ಮನಿತನದಾಗ ಯಾರೂ ಸ್ಟೇಜ್ ಹತ್ತಿದವರಲ್ಲ."

ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು, ರೊಟ್ಟಿ ಹರಿಯಿತು.

"ಏನಾತು ಚಿಗವ್ವ?"

"ಹಿಟ್ಟು ಸರಿ ಇಲ್ಲವ್ವಾ," ಎಂದೆ. ಹಿಟ್ಟು ನಾನೇ ಗದಗಿನಿಂದ ಬೀಸಿಸಿಕೊಂಡು ತಂದದ್ದು.

ನೀಲಕ್ಕನನ್ನು ರಂಗದ ಮೇಲೆ ನೋಡಿದವರಲ್ಲಿ ನಮ್ಮ ಮನೆತನದಲ್ಲಿ ಉಳಿದವರು ನಾವಿಬ್ಬರೇ. ಒಬ್ಬಳು ಹೇಳುವುದಿಲ್ಲ. ಇನ್ನೊಬ್ಬಳು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಾಳೆ. ನಾವು ಹೋದರೆ ಆ ಮೂವತ್ತು ವರ್ಷಗಳೂ ಹೋದಂತೆ. ಬೇರೆಯವರ ಅಜ್ಜಿಯನ್ನು ಗೋಡೆಗೆ ಅಂಟಿಸಿಕೊಂಡ ಹುಡುಗಿಗೆ ತನ್ನ ಅಜ್ಜಿ ಯಾರೆಂದು ತಿಳಿಯುವುದೇ ಇಲ್ಲ. ಈ ಚಿಂತೆಯನ್ನು ಮಡಿಲಲ್ಲಿ ಕಟ್ಟಿಕೊಂಡೇ ನಾನು ಟೆಕ್ಸಾಸ್ ನೋಡಿದೆ.

ಡಲ್ಲಾಸ್

ಅನ್ವಿಯ ವಿಡಿಯೋಗಾಗಿ ಹೊರಟೆವು. ಅಳಿಯನಿಗೆ ಆಫೀಸು, ಹೋದವರು ನಾವು ಮೂವರು ಹೆಂಗಸರು, ಒಂದು ಬುಟ್ಟಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ.

ಮಿಸ್ ಒಪಲ್ ಮೊದಲು ಹೆಸರು ಮಾಡಿದ್ದು ಡಲ್ಲಾಸಿನ ಒಂದು ದೊಡ್ಡ ಹೋಟೆಲಿನಲ್ಲಿ. ಆ ಕಾಲದಲ್ಲಿ ಕಪ್ಪು ಜನ ಅಲ್ಲಿ ಹಾಡಬಹುದಿತ್ತು, ಮುಂಬಾಗಿಲಿನಿಂದ ಬರುವಂತಿರಲಿಲ್ಲ. ಹಿಂದಿನ ಅಡುಗೆಮನೆಯ ಬಾಗಿಲಿನಿಂದ ಬಂದು, ಪಾತ್ರೆಗಳ ನಡುವೆ ಬಣ್ಣ ಹಚ್ಚಿಕೊಂಡು, ಹಾಡಿ, ಅದೇ ಬಾಗಿಲಿನಿಂದ ಹೋಗಬೇಕು. ಒಂದು ಸಂಜೆ ಮಿಸ್ ಒಪಲ್ ಗೌನು ತೊಟ್ಟು ಮುಂಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. ಒಳಗೆ ಬ್ಯಾಂಡಿನವರು ಬಾರಿಸಿದ್ದನ್ನೇ ಬಾರಿಸುತ್ತಿದ್ದರಂತೆ. ನಾನು ಇಲ್ಲೇ ಇರುತ್ತೇನೆ, ಹಾಡು ಕೇಳುವವರನ್ನು ಇಲ್ಲಿಗೇ ಕಳಿಸಿ ಎಂದರಂತೆ. ಕಡೆಗೆ ಬಾಗಿಲು ತೆರೆಯಿತು.

ಅನ್ವಿಗೆ ಮುಂಬಾಗಿಲು ಬೇಕಿರಲಿಲ್ಲ. ಹಿಂದಿನದೇ ಬೇಕಿತ್ತು. ಕಸದ ಡಬ್ಬಿಗಳ ಗಲ್ಲಿಯಲ್ಲಿ ಅವಳು ಫೋನ್ ಹಿಡಿದು ಆ ಕಡೆ ಈ ಕಡೆ ಓಡಾಡಿದಳು. ಬಿಸಿಲು ನಮ್ಮ ಗದಗಿನ ಮೇ ತಿಂಗಳಿಗೆ ಅಣ್ಣನಾಗಬೇಕು. ನಾನು ಅಡುಗೆಮನೆ ಬಾಗಿಲ ಮೆಟ್ಟಿಲ ಮೇಲೆ ನೆರಳು ಹಿಡಿದು ಕೂತೆ. ಕಾವಲುಗಾರ ಬಂದ. ಕಪ್ಪು ಜನಾಂಗದ ಎತ್ತರದ ಮನುಷ್ಯ. ಹೇಗಿದ್ದೀರಿ ಎಂದು ಕೇಳಿದ. ಆ ದೇಶದಲ್ಲಿ ಎಲ್ಲರೂ ಹೇಗಿದ್ದೀರಿ ಎಂದು ಕೇಳಿ, ಉತ್ತರ ಬರುವುದರೊಳಗೆ ಮುಂದೆ ಹೋಗಿಬಿಡುತ್ತಾರೆ. ಇವನು ನಿಂತ. ಆದ್ದರಿಂದ ನಾನು ನನ್ನ ಮೊಣಕಾಲು ನೋವಿನ ವಿಷಯವನ್ನು ಮೊದಲಿನಿಂದ ಹೇಳಿದೆ. ಅನ್ವಿ ನಾಚಿಕೊಂಡು ಇಂಗ್ಲಿಷಿಗೆ ತಿರುಗಿಸಿದಳು. ಅವನು ಪೂರ್ತಿ ಕೇಳಿ, ತನ್ನ ಮೊಣಕಾಲಿನ ಕಥೆ ಹೇಳಿದ. ಮಿಸ್ ಒಪಲ್ ಈ ಬಾಗಿಲಿನಿಂದ ಬರುತ್ತಿದ್ದರು ಎಂದಾಗ ಬಾಗಿಲನ್ನೇ ನೋಡುತ್ತ ನಿಂತ. ಅವನ ಅಜ್ಜಿಯ ಮನೆಯಲ್ಲಿ ಅವರ ಹಾಡಿನ ಗ್ರಾಮಫೋನ್ ತಟ್ಟೆಗಳಿದ್ದವಂತೆ. ತಾನು ದಿನವೂ ಇದೇ ಬಾಗಿಲಿನ ಚಿಲಕ ಹಾಕುವವನೆಂದ.

"ಹಾಡು ಬೇಕಂತೆ, ಹಾಡೋರು ಬೇಡ್ವಂತೆ. ಹೌ ಕುಡ್ ದೇ, ಅಜ್ಜಿ?" ಎಂದು ಅನ್ವಿ ನನ್ನನ್ನು ಕೇಳಿದಳು.

ನಮ್ಮ ಕಡೆ ಒಬ್ಬ ಸಾಹುಕಾರರಿದ್ದರು. ನೀಲಕ್ಕನ ನಾಟಕಕ್ಕೆ ಮುಂದಿನ ಸಾಲಿನಲ್ಲಿ ಕೂತು, ರಂಗದ ಮೇಲೆ ಬಂದು ಬೆಳ್ಳಿ ಬಟ್ಟಲು ಕೊಟ್ಟರು. ಮರುದಿನ ಊಟಕ್ಕೆ ಕರೆದು ಎಲೆ ಹಾಕಿಸಿದ್ದು ಹಿತ್ತಲಲ್ಲಿ, ಎಮ್ಮೆಯ ಪಕ್ಕ. ಹೋಳಿಗೆ ಮಾತ್ರ ಮನೆಯವರಿಗೆ ಮಾಡಿದ್ದೇ, ತುಪ್ಪವೂ ಧಾರಾಳ. ಸಾಹುಕಾರರನ್ನು ಬೈಯಬಹುದು, ಆ ಹೋಳಿಗೆಯನ್ನು ಬೈಯಲು ಈಗಲೂ ಮನಸ್ಸಾಗದು. ಅಂದು ವೀಣಾ ನನ್ನ ತೊಡೆಯ ಮೇಲೆ ಕೂತು ಉಂಡಿದ್ದಳು. ಈಗ ಗಲ್ಲಿಯಲ್ಲಿ ನಾನು ಅವಳ ಮುಖ ನೋಡಿದೆ. ಅವಳು ಫೋನ್ ನೋಡಿದಳು. ನಾನು ನೀರು ಕುಡಿದೆ.

ಹ್ಯೂಸ್ಟನ್

ಹ್ಯೂಸ್ಟನ್ನಿನ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತ ಅಂಗಡಿ ಹುಬ್ಬಳ್ಳಿಯ ಬಸ್ ನಿಲ್ದಾಣದಷ್ಟು ದೊಡ್ಡದಿತ್ತು. ಅದರ ಶೌಚಾಲಯ ನಮ್ಮ ಎಷ್ಟೋ ಕಲ್ಯಾಣ ಮಂಟಪಗಳಿಗಿಂತ ಸ್ವಚ್ಛ. ನಾನು ಕಾರಣವಿಲ್ಲದೆ ಎರಡನೇ ಸಲ ಹೋಗಿ ನೋಡಿ ಬಂದೆ. ಚಹಾ ಕೇಳಿದರೆ ಒಂದು ಬಕೀಟಿನಂಥ ಲೋಟದಲ್ಲಿ ಐಸ್ ತುಂಬಿ, ಅದರ ಮೇಲೆ ತಣ್ಣಗಿನ ಸಿಹಿ ಡಿಕಾಕ್ಷನ್ ಸುರಿದು ಕೊಟ್ಟರು. ಡಾಕ್ಟರು ಹೇಳಿ ಬಿಡಿಸಲಾಗದ ಚಹಾವನ್ನು ಟೆಕ್ಸಾಸ್ ಒಂದೇ ಲೋಟದಲ್ಲಿ ಬಿಡಿಸಿತು.

ಮಿಸ್ ಒಪಲ್ ಮೊದಲು ಹಾಡಿದ ಚರ್ಚಿಗೆ ಹೋದೆವು. ಭಾನುವಾರ, ಪ್ರಾರ್ಥನೆ ಮುಗಿದು ಪಕ್ಕದ ಹಾಲಿನಲ್ಲಿ ಊಟ ನಡೆದಿತ್ತು. ಹೆಂಗಸರ ತಲೆಯ ಮೇಲೆ ನಮ್ಮ ಮದುವೆಯ ಬಾಸಿಂಗಗಳನ್ನೂ ನಾಚಿಸುವ ಟೋಪಿಗಳು. ನೇರಳೆ ಟೋಪಿಯ ಒಬ್ಬ ಮುದುಕಿ, ಮಿಸ್ ಡೋರಿಸ್, ನಮ್ಮನ್ನು ಕೈ ಹಿಡಿದು ಕೂರಿಸಿದರು. ಎಪ್ಪತ್ತು ಮುಟ್ಟುತ್ತಿರುವ ನನ್ನನ್ನು ಬೇಬಿ ಎಂದು ಕರೆದರು. ನಾನು ಹಾಲಿನ ಸುತ್ತ ಕೂಸನ್ನು ಹುಡುಕಿದೆ.

ತಟ್ಟೆಯಲ್ಲಿ ಗೋವಿನಜೋಳದ ಉಬ್ಬಿದ ರೊಟ್ಟಿ, ಬೆಂದ ಸೊಪ್ಪು. ಸೊಪ್ಪು ನೋಡಿ ಜೀವ ಬಂತು. ತುತ್ತು ಬಾಯಿಯ ಹತ್ತಿರ ಹೋದಾಗ ಅನ್ವಿ ಚೀರಿದಳು. ಅವಳು ಡೋರಿಸರ ಕಿವಿಯಲ್ಲಿ ಏನೋ ಹೇಳಿದ್ದೇ ತಡ, ಅವರು ನನ್ನ ತಟ್ಟೆಯನ್ನು ಕಿತ್ತುಕೊಂಡರು. ಸೊಪ್ಪನ್ನು ಹಂದಿಯ ಮಾಂಸ ಹಾಕಿ ಬೇಯಿಸುತ್ತಾರಂತೆ. ಆಮೇಲೆ ನಮ್ಮ ಬುಟ್ಟಿ ತರಿಸಿದೆವು. ನೇರಳೆ ಟೋಪಿಯವರು ಶೇಂಗಾ ಚಟ್ನಿ ನೆಕ್ಕಿ, ಕಣ್ಣು ಮುಚ್ಚಿ, ದೇವರನ್ನು ಕರೆದರು. ಖಾರಕ್ಕೋ ರುಚಿಗೋ ತಿಳಿಯಲಿಲ್ಲ.

ಡೋರಿಸ್, ಮಿಸ್ ಒಪಲ್ ಜೊತೆಗೆ ಬೆಳೆದವರು. ಟೀವಿಯ ಮೊದಲ ದಿನದ ಕಥೆಯನ್ನು ಅವರೇ ಹೇಳಿದರು. ಟೀವಿಯವರು ಒಪಲ್‌ಗೆ ಕೆಲಸದವಳ ಏಪ್ರನ್ ಕಟ್ಟಿಸಿ, ಕಾಫಿಯ ಟ್ರೇ ಹಿಡಿದು ಬಾ, ಸಾಹೇಬರಿಗೆ ಕೊಟ್ಟು ಒಂದು ಹಾಡು ಹಾಡು ಎಂದಿದ್ದರಂತೆ. ಒಪಲ್ ಟ್ರೇ ಹಿಡಿದು ಬಂದರು. ಸಾಹೇಬನ ಪಕ್ಕ ಸೋಫಾದ ಮೇಲೆ ಕೂತರು. ಕಾಫಿಗೆ ಸಕ್ಕರೆ ಹಾಕಿ, ಕಲಕಿ, ತಾವೇ ಕುಡಿದರು. ಆಮೇಲೆ ಹಾಡಿದರು. ಜನ ಎಷ್ಟು ನಕ್ಕರೆಂದರೆ ಮುಂದಿನ ವಾರದಿಂದ ಸೋಫಾ ಅವರದೇ ಆಯಿತು. ಡೋರಿಸ್ ಒಂದೊಂದು ಮಾತು ಹೇಳಿದಾಗಲೂ ಸುತ್ತಲಿನ ಟೋಪಿಗಳು ಹೂಂ, ಹೌದೌದು, ಹೇಳು ಹೇಳು ಎನ್ನುತ್ತಿದ್ದವು.

"ಆಗ ಈ ಚರ್ಚಿನೋರು ಏನಂತಿದ್ರು?" ಎಂದು ವೀಣಾ ತಾನಾಗಿಯೇ ಕೇಳಿದಳು. ಪ್ರವಾಸದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಇಂಗ್ಲಿಷಿನಲ್ಲಿ ಕೇಳಿ, ನನಗಾಗಿ ಕನ್ನಡದಲ್ಲೂ ಹೇಳಿದಳು.

ಡೋರಿಸ್ ಟೋಪಿ ಸರಿಮಾಡಿಕೊಂಡರು. ಕೆಟ್ಟ ಹೆಂಗಸು ಅನ್ನುತ್ತಿದ್ದೆವು, ಎಂದರು. ನನ್ನ ತಾಯಿ ನನ್ನನ್ನು ಅವಳ ಜೊತೆ ಬೀದಿಯಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ. ಈಗ ನೋಡು, ಅವಳ ಫೋಟೋ ಗೋಡೆಯ ಮೇಲಿದೆ, ಅದರ ಧೂಳು ಒರೆಸುವವಳು ನಾನು.

ಟೋಪಿಗಳೆಲ್ಲ ನಕ್ಕವು. ವೀಣಾ ನಗಲಿಲ್ಲ. ಎದ್ದು ಹೋಗಿ ಆ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತಳು.

ಆಸ್ಟಿನ್

ಆಸ್ಟಿನ್ನಿನಲ್ಲಿ ಸಾಕ್ಷಾತ್ ಮಿಸ್ ಒಪಲ್ ಇದ್ದರು. ಕಾಲೇಜಿನವರು ಮಧ್ಯಾಹ್ನ ಅವರ ಮಾತುಕತೆ 
ಇಟ್ಟುಕೊಂಡಿದ್ದರು. ಸಭಾಂಗಣ ಎಷ್ಟು ತಣ್ಣಗಿತ್ತೆಂದರೆ ನಾನು ಅನ್ವಿಯ ಸ್ವೆಟರ್ ಹಾಕಿಕೊಂಡೆ. ಜನ ಪರೀಕ್ಷೆ ಬರೆಯಲು ಬಂದವರಂತೆ ಉಸಿರೆತ್ತದೆ ಕೂತಿದ್ದರು. ಪ್ರೊಫೆಸರರ ಪ್ರಶ್ನೆಗಳು ಗದಗಿನಿಂದ ಹುಬ್ಬಳ್ಳಿಯಷ್ಟು ಉದ್ದ. ಮಿಸ್ ಒಪಲ್ ಉತ್ತರಗಳು ಮನೆಯಿಂದ ಹಾಲಿನ ಅಂಗಡಿಯಷ್ಟು. ಬೆಳ್ಳಗಿನ ಕೂದಲು, ಕೈಯಲ್ಲಿ ಕೋಲು, ಕೆಂಪು ರೇಷ್ಮೆಯ ಅಂಗಿ. ಹುಬ್ಬು ಹಾಗೆಯೇ ಇತ್ತು.

ಕೊನೆಗೆ ಕುರ್ಚಿಯಲ್ಲಿ ಕೂತೇ ಒಂದು ಹಾಡು ಹಾಡಿದರು. ವೀಣಾ ನನ್ನ ಕಿವಿಯಲ್ಲಿ ಅರ್ಥ ಹೇಳುತ್ತಿದ್ದಳು. ಒಬ್ಬ ಹೆಂಗಸು ಸತ್ತು ಸ್ವರ್ಗಕ್ಕೆ ಹೋಗುತ್ತಾಳೆ. ಬಾಗಿಲು ಕಾಯುವವನು ಹಿಂದಿನ ಬಾಗಿಲಿಗೆ ಬಾ ಎನ್ನುತ್ತಾನೆ. ಅವಳು ಮುಂದಿನ ಮೆಟ್ಟಿಲ ಮೇಲೆ ಕೂತು ಹಾಡತೊಡಗುತ್ತಾಳೆ. ಒಳಗಿನವರು ಹಾಡು ಕೇಳಲು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಕಡೆಗೆ ದೇವರೂ ಬಂದು ಮೆಟ್ಟಿಲ ಮೇಲೆ ಜಾಗ ಕೇಳುತ್ತಾನೆ. ಸ್ವರ್ಗ ಖಾಲಿಯಾಗುತ್ತದೆ. ಅವರ ದನಿ ಅಲ್ಲಲ್ಲಿ ಒಡೆದಿತ್ತು. ಒಡೆದ ಕಡೆಯಲ್ಲೇ ಹಾಡು ಹೆಚ್ಚು ಒಳಗೆ ಇಳಿಯಿತು. ಹಾಡು ನಿಂತಿತು. ಯಾರೂ ಇನ್ನೂ ಚಪ್ಪಾಳೆ ತಟ್ಟಿರಲಿಲ್ಲ.

"ಒನ್ಸ್ ಮೋರ್!" ಎಂದು ಯಾರೋ ಕೂಗಿದರು.

ಕೂಗಿದವಳು ನಾನು. ಕಂಪನಿ ನಾಟಕದಲ್ಲಿ ಹಾಡು ಮನಸ್ಸಿಗೆ ಸೇರಿದರೆ ನಾವು ಹಾಗೆ ಕೂಗುತ್ತೇವೆ. ಕೂಗಿದರೆ ಹಾಡಿದವರು ಅಲ್ಲೇ ಮತ್ತೆ ಹಾಡಬೇಕು, ಕಥೆ ಕಾಯಬೇಕು. ಕೂಗದಿದ್ದರೆ ನಟರಿಗೆ ಅವಮಾನ. ಎಷ್ಟೋ ವರ್ಷಗಳಿಂದ ಕೂಗಿರಲಿಲ್ಲ, ಬಾಯಿ ಮರೆತಿರಲಿಲ್ಲ. ಇಡೀ ಸಭೆ ತಿರುಗಿ ನೋಡಿತು. ವೀಣಾ ನನ್ನ ಸೆರಗು ಎಳೆದಳು. ಅನ್ವಿ ಓ ಮೈ ಗಾಡ್ ಎನ್ನುತ್ತ ಕುರ್ಚಿಯಲ್ಲಿ ಇಳಿದು ಮಾಯವಾದಳು. ಪ್ರೊಫೆಸರರು ಗಡಿಯಾರ ನೋಡಿ ಏನೋ ಹೇಳಹೊರಟರು. ಮಿಸ್ ಒಪಲ್ ಕೋಲೆತ್ತಿ ಅವರನ್ನು ತಡೆದರು.

ಅವರು ಆಡಿದ್ದು ಇಂಗ್ಲಿಷ್. ವೀಣಾ ತಿಳಿಸಿದ ಮೇಲೆ ನನ್ನ ಮನಸ್ಸಿನಲ್ಲಿ ಅದು ಗದಗಿನ ಮಾತಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

"ಯಾರವ್ವಾ ಅದು? ಇಷ್ಟೊತ್ತನಕ ಎಲ್ಲಾರೂ ಸತ್ತಾರೇನೋ ಅಂದ್ಕೊಂಡಿದ್ದೆ."

ಎದ್ದು ನಿಂತೆ. ಮೈಕು ಬಂತು. ವೀಣಾ ಕೂಡ ಏಳಬೇಕಾಯಿತು.

"ಹಂಗ ಒದರೂದು ಎಲ್ಲೆ ಕಲ್ತಿ?"

"ನಮ್ಮ ಊರಾಗರಿ," ಎಂದೆ. "ಕಂಪನಿ ನಾಟಕದಾಗ ಹಾಡು ಸೇರಿದ್ರ ಹಿಂಗ ಒದರ್ತೀವ್ರಿ. ಅವ್ರು ಮತ್ತ ಹಾಡ್ತಾರ." ವೀಣಾ ತಿರುಗಿಸಿ ಹೇಳಿದಳು.

"ನಾಟಕ ನಡುವ ನಿಂದರ್ತೈತೇನು?"

"ನಿಂದರ್ತೈತ್ರಿ. ಸತ್ತ ಪಾತ್ರನೂ ಎದ್ದು ಹಾಡ್ತೈತಿ."

ಸಭೆ ನಕ್ಕಿತು. ಆ ನಗೆ ಕೇಳಿ ನನಗೆ ಧೈರ್ಯ ಬಂತು. ಆದರೂ ಕೊಟ್ಟ ಮಾತು ನೆನಪಿತ್ತು. ಅಳೆದು ಕತ್ತರಿಸಿದ ಹಾಗೆ ಮಾತಾಡಿದೆ.

"ನಮ್ಮ ಊರಾಗ ಒಬ್ಬಾಕಿ ಇದ್ಲ್ರಿ. ಸೊಸಿನ ಕಾಡೂ ಅತ್ತಿ ಪಾರ್ಟು. ಕಡೀಕ ಹಾವು ಕಡದು ಹಾಡ್ಕೋತ ಸಾಯ್ತಿದ್ಲು. ಜನಕ್ಕ ಆಕಿ ಮ್ಯಾಲೆ ಎಷ್ಟ್ ಸಿಟ್ಟಂದ್ರ, ಆಕಿ ಸಾಯೂದನ್ನ ಇನ್ನೊಮ್ಮೆ ನೋಡಾಕ ಒನ್ಸ್ ಮೋರ್ ಅಂತಿದ್ರು. ಆಕಿ ಎದ್ದು, ಸೀರಿ ಝಾಡಿಸ್ಕೊಂಡು, ಆ ಹಾವಿನ ಕಡೆನ ಮತ್ತ ಕಾಲು ಚಾಚತಿದ್ಲು."

ಹೆಸರು ಹೇಳಲಿಲ್ಲ. ಸಂಬಂಧ ಹೇಳಲಿಲ್ಲ. ಒಬ್ಬಾಕಿ ಎಂದೆ, ಅಷ್ಟೇ. ಮೈಕನ್ನು ವೀಣಾಳಿಗೆ ಕೊಟ್ಟೆ.

ವೀಣಾ ಮೈಕು ಹಿಡಿದು ನಿಂತಳು. ಎಲ್ಲರೂ ಕಾಯುತ್ತಿದ್ದರು. ಅವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಕುರ್ಚಿಯಲ್ಲಿ ಅಡಗಿದ ಮಗಳನ್ನು ನೋಡಿದಳು. ಆಮೇಲೆ ಶುರು ಮಾಡಿದಳು. ನನ್ನ ಇಂಗ್ಲಿಷ್ ಎಷ್ಟೆಂದು ಹೇಳಿದ್ದೇನೆ. ಆದರೆ ಅವಳ ಮೊದಲ ಎರಡು ಮಾತು ಯಾರಿಗೂ ತಿಳಿಯುವಂಥವು. "ಮೈ ಮದರ್" ಎಂದಳು.

ಅನ್ವಿ ಕುರ್ಚಿಯಿಂದ ಮೇಲೆದ್ದು ಬಂದಳು.

ನಾನು ಹೇಳಿದ್ದಕ್ಕಿಂತ ಬಹಳ ಹೆಚ್ಚು ಹೊತ್ತು ವೀಣಾ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಎಡಗೈ ಸೊಂಟದ ಮೇಲೆ ಹೋಯಿತು, ಇಲ್ಲದ ಹಾವಿನ ಕಡೆ ಕಾಲು ಚಾಚಿತು. ಜನ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು, ನಗು ಅರ್ಧಕ್ಕೆ ನಿಂತಿತು. ಆಕೆ ಇನ್ನೂ ಇದ್ದಾಳೆಯೇ ಎಂದು ಮಿಸ್ ಒಪಲ್ ಕೇಳಿದರಂತೆ. ವೀಣಾ ತಲೆ ಅಲ್ಲಾಡಿಸಿ, ಹೆಸರು ಹೇಳಿದಳು.

"ನೀಲಾವಾ," ಎಂದರು ಮಿಸ್ ಒಪಲ್ ಮೈಕಿನಲ್ಲಿ, ತಮ್ಮ ನಾಲಿಗೆಗೆ ಬಂದಂತೆ. "ಹಂಗಾರ ಆಕಿ ಹೆಸರಿನ ಮ್ಯಾಲೆ ಇನ್ನೊಮ್ಮೆ. ಆದ್ರ ನಾ ಕುಂತ ಹಾಡಾಕಿ. ಏಳಂದ್ರ ಮೊಣಕಾಲು ಒಲ್ಲೆ ಅಂತಾವ."

ಮತ್ತೆ ಹಾಡಿದರು. ಸ್ವರ್ಗ ಮತ್ತೆ ಖಾಲಿಯಾಯಿತು. ನನ್ನ ಪಕ್ಕದಲ್ಲಿ ತಾಯಿಯೂ ಮಗಳೂ ಒಂದೇ ಕರವಸ್ತ್ರಕ್ಕೆ ಕಿತ್ತಾಡುತ್ತಿದ್ದರು. ನನ್ನದನ್ನು ನಾನು ಯಾರಿಗೂ ಕೊಡಲಿಲ್ಲ.

ಮರಳುವ ದಾರಿ

ಅನ್ವಿಯ ಸಿಟ್ಟು ಕಾರು ನಿಲ್ಲಿಸಿದ ಜಾಗದಿಂದ ದೊಡ್ಡ ರಸ್ತೆ ಸೇರುವವರೆಗೆ ಇತ್ತು. "ಫಿಫ್ಟೀನ್ ಇಯರ್ಸ್, ಅಮ್ಮಾ!" ಎಂದಳು. ನನ್ನ ಕಡೆ ತಿರುಗಿ, "ಯೂ ಟೂ, ಅಜ್ಜಿ!" ಎಂದಳು. ಇಬ್ಬರೂ ಬೈಸಿಕೊಂಡೆವು. ಆಮೇಲೆ ಸಿಟ್ಟು ಸಾಕಾಗಿ ಪ್ರಶ್ನೆಗಳು ಶುರುವಾದವು. ಹಾವು ನಿಜವಾದದ್ದೋ? ಯಾರ ಸೊಸೆ? ಜನ ಬೀದಿಯಲ್ಲಿ ಕಂಡರೆ ಬೈಯುತ್ತಿದ್ದರೋ?

"ಕಾಯಿಪಲ್ಲೆ ಮಾರೋರು ತೂಕ ಕಮ್ಮಿ ಕೊಡ್ತಿದ್ರು," ಎಂದಳು ವೀಣಾ. "ಸೊಸಿಗೆ ಹಂಗ ಮಾಡ್ತಿ, ಉಣ್ಣು ಅಷ್ಟ, ಅಂತಿದ್ರು." ಈ ಮಾತು ನನಗೇ ಮರೆತುಹೋಗಿತ್ತು.

"ಥಿಯೇಟರ್ ಕ್ಲಾಸ್?" ಎಂದಳು ಅನ್ವಿ.

"ಮನೀಗೆ ಹೋಗಿ ಮಾತಾಡೂಣು. ಮೊದ್ಲ ನಿಮ್ಮಪ್ಪಗ ನಾನ ಹೇಳಬೇಕು."

"ಸೋ, ಯೆಸ್."

ವೀಣಾ ಇಲ್ಲವೆನ್ನಲಿಲ್ಲ.

ಅಜ್ಜಿ ಒಂದು ನಾಟಕದಲ್ಲಿ ಎಷ್ಟು ಸಲ ಸಾಯುತ್ತಿದ್ದಳು ಎಂದು ಅನ್ವಿ ಕೇಳಿದಳು. "ಒಮ್ಮೊಮ್ಮೆ ಮೂರು ಸಲ," ಎಂದಳು ವೀಣಾ. ಜಾರ್ಜ್‌ಟೌನ್ ದಾಟುವಾಗ ಅದು ನಾಲ್ಕಾಗಿತ್ತು. ಪೆಟ್ರೋಲ್ ಹಾಕಿಸಲು ನಿಂತಲ್ಲಿ ಅವಳು ಕಾರಿನಿಂದ ಇಳಿದು ಗಂಡನಿಗೆ ಫೋನ್ ಮಾಡಿದಳು. ಮೊದಲು ಬೆನ್ನು ತಿರುಗಿಸಿ, ಸಣ್ಣ ದನಿಯಲ್ಲಿ. ಸ್ವಲ್ಪ ಹೊತ್ತಿಗೆ ಕೈ ಬೀಸುತ್ತ, ಪಂಪಿನ ಹತ್ತಿರ ನಿಂತವರಿಗೆಲ್ಲ ಕೇಳುವಂತೆ. "ಏಳು ಸಲರಿ! ಒಂದ ರಾತ್ರಿಯಾಗ!"

ಎರಡಕ್ಕಿಂತ ಹೆಚ್ಚು ಸಲ ಅಕ್ಕ ಯಾವ ರಾತ್ರಿಯೂ ಸತ್ತವಳಲ್ಲ. ನಾನು ಪರದೆಯ ಮರೆಯಲ್ಲಿ ಸೂಜಿ ದಾರ ಹಿಡಿದು ನಿಂತಿರುತ್ತಿದ್ದೆ, ನನಗೆ ಗೊತ್ತಿಲ್ಲವೇ. ವೀಣಾ ಕಾರು ಹತ್ತಿ, ಕನ್ನಡಿಯಲ್ಲಿ ನನ್ನ ಮುಖ ನೋಡಿದಳು, ಚಿಗವ್ವ ಎಲ್ಲಿ ತಿದ್ದುತ್ತಾಳೋ ಎಂದು. ನಾನು ತಿದ್ದಲಿಲ್ಲ. ಎಷ್ಟು ಸಲ ಸತ್ತಳೋ ಅಷ್ಟು ಸಲ ಎದ್ದಿರಬೇಕಲ್ಲ.